ಹಾಸಿದ ಕಂಬಳಿ

ದಲಾಲಿಯ ಆಳು ಟಗರಿನ ಕೊರಳಿಗೆ ಹಗ್ಗ ಹಾಕಿದ್ದೇ ತಡ, ಆ ಹೆಂಗಸು ಹೆಗಲ ಮೇಲಿನ ಕಂಬಳಿಯನ್ನು ಕೊಡವಿ ಅವನ ದಾರಿಗೆ ಅಡ್ಡ ಹಾಸಿ ಕುಳಿತೇಬಿಟ್ಟಳು.

ಐವತ್ತರ ದಶಕದ ಮಾತು. ಬರಗಾಲಕ್ಕೆ ವಿಜಾಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದ ಅವಳ ಸಂಸಾರ ಮುಂಬಯಿಯ ಭಾಂಡುಪ್‌ನಲ್ಲಿ ನಮ್ಮ ಚಾಳಿನ ಹಿಂದಿನ ಬಯಲಲ್ಲಿ ಬೀಡುಬಿಟ್ಟಿತ್ತು. ಸೋತುಹೋದ ಗಂಡ ಇಡೀ ಹಿಂಡನ್ನೇ ಕಸಾಯಿಖಾನೆಯ ದಲಾಲಿಗೆ ಮಾರಲು ಒಪ್ಪಿಬಿಟ್ಟಿದ್ದ.

“ಗಂಡುಮರಿ ತಗೊಂಡ್ ಹೋಗು, ಬ್ಯಾಡ ಅನ್ನಂಗಿಲ್ಲ. ಬೀಜದ ಟಗರು, ಗಬ್ಬದ ಕುರಿ ಮುಟ್ಟಬ್ಯಾಡ! ನಾಳೆ ಮಳಿ ಆದ್ರ ಬರೇ ಕೋಲು ಹಿಡ್ಕೊಂಡು ಊರಿಗೆ ಹೋಗ್ಲೇನು?” ಎಂದಳು ಅವಳು.

“ದಾಟಿ ಬಾರೋ” ಎಂದು ದಲಾಲಿ ಗದರಿದ. ಆದರೆ ಆಳೂ ಕುರುಬರವನೇ. ಹಾಸಿದ ಕಂಬಳಿ ಅವರಿಗೆ ದೇವರ ಗದ್ದುಗೆ. ಅವನು ಹಗ್ಗ ಬಿಟ್ಟು, ಚಪ್ಪಲಿ ಕಳಚಿ ಕೈಮುಗಿದ. ದಲಾಲಿ ಗಂಡುಮರಿಗಳನ್ನಷ್ಟೇ ಕೊಂಡು ಗೊಣಗುತ್ತಾ ಹೋದ.

ಮರುದಿನ ಚಾಳಿನ ಮಾಲೀಕ, ಕುರಿಗಳಿಗೆ ನೀರು ಸಿಗಬಾರದೆಂದು ನಲ್ಲಿಗೆ ಬೀಗ ಹಾಕಲು ಬಂದ. ಅದುವರೆಗೆ ಅವನೆದುರು ದನಿಯೆತ್ತದ ನಾನು ಒಳಗಿನಿಂದ ಚಾಪೆ ತಂದು, ನಲ್ಲಿಯ ಮುಂದೆ ಹಾಸಿ ಕುಳಿತೆ. ನನ್ನದು ಬರೀ ಚಾಪೆ. ಆದರೂ ಅವನು ದಾಟಲಿಲ್ಲ.