ನನ್ನ ಫೋನಿಗೆ ಮಗ್ಗ ನಿಲ್ಲಿಸಿದ ಕಾಕಾ

ಕಾಕಾರ ಪಾದಗಳು ಬೆಳ್ಳಗಿದ್ದವು. ಮುಖ, ಕುತ್ತಿಗೆ, ಕೈಯೆಲ್ಲ ಕರ್ರಗಿದ್ದರೂ ಮೊಣಕಾಲ ಕೆಳಗಿನದಷ್ಟೇ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗಿತ್ತು. ಮೀಸೆ ಮೂಡುವ ಮೊದಲೇ ಕುಣಿಮಗ್ಗದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತವರು. ಆ ಕಾಲು ಬಿಸಿಲು ಕಂಡದ್ದೇ ಕಡಿಮೆ. ಓಣಿಯಲ್ಲಿ ನಡೆಯುವಾಗಲೂ ಮಗ್ಗದ ಮೆಟ್ಟು ತುಳಿಯುವವರಂತೆ ಒಂದೊಂದೇ ಹೆಜ್ಜೆ ಒತ್ತಿ ಇಡುತ್ತಿದ್ದರು. ನನ್ನ ಮಗಳು ಹಿಂದಿನಿಂದ ಹಾಗೇ ನಡೆದು ಅಣಕಿಸಿದರೆ ತಿರುಗಿಯೂ ನೋಡದೆ, "ಸಾವಕಾಶ ತುಳಿಯವಾ, ಎಳಿ ಹರದೀತು" ಎನ್ನುತ್ತಿದ್ದರು.

ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಕರೆದುಕೊಂಡು ಇಳಕಲ್ಲಿನಲ್ಲಿ ಅವರ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬಂದವಳು ನಾನು. ನನ್ನ ಕೆಲಸವೂ ಮನೆಯೊಳಗಿನದೇ. ಯುರೋಪಿನ ಒಂದು ಕಂಪನಿ, ದೇಶ ಸುತ್ತುವವರಿಗೆ ಹೋಟೆಲಿನ ಕೋಣೆ ಹಿಡಿದುಕೊಡುತ್ತದೆ. ಕೋಣೆ ಸಿಗಲಿಲ್ಲ, ಬಿಸಿನೀರು ಬರಲಿಲ್ಲ ಎಂದು ಅಲ್ಲಿ ಕೂಗಾಡುವವರಿಗೆ ನಾನು ಇಲ್ಲಿ ಕೂತು ಸಮಾಧಾನ ಹೇಳಬೇಕು. ಹೆಚ್ಚಿನದು ಕಂಪ್ಯೂಟರಿನಲ್ಲಿ ಬರೆದೇ ಮುಗಿಯುತ್ತಿತ್ತು, ನಡುನಡುವೆ ಫೋನು. ಕಾಕಾರ ಮಗ್ಗಕ್ಕೂ ನನ್ನ ಟೇಬಲ್ಲಿಗೂ ನಡುವೆ ಒಂದೇ ಗೋಡೆ. ಬಂದ ಹೊಸದರಲ್ಲೇ ಒಬ್ಬ ಗಿರಾಕಿ, ನಿಮ್ಮ ಹಿಂದೆ ಯಾರಾದರೂ ಮೊಳೆ ಬಡಿಯುತ್ತಿದ್ದಾರೆಯೇ ಎಂದು ಕೇಳಿದ. ಅದನ್ನು ಅಂಜುತ್ತಲೇ ಕಾಕಾರಿಗೆ ಹೇಳಿದೆ. "ಇಳಕಲ್ ಸೀರಿ ಸಪ್ಪಳ ಐತಿ, ಪುಕ್ಕಟ ಕೇಳಸಾಕತ್ತೇವಿ ಅಂತ ಹೇಳು ನಿನ್ನ ಸಾಹೇಬಗ" ಎಂದು ನಕ್ಕರು.

ನಕ್ಕರು, ಆದರೆ ಸಂಜೆಗೆ ಒಂದು ಉಪಾಯ ಮಾಡಿಟ್ಟಿದ್ದರು. ಗೋಡೆಯಲ್ಲಿ ಹಳೆಯ ವೈರು ಹೋಗಿದ್ದ ತೂತಿನೊಳಗಿಂದ ಒಂದು ದಾರ ತೂರಿಸಿ, ಅತ್ತ ತುದಿಗೆ ನೂಲು ಖಾಲಿಯಾದ ಕಂಡಿಕೆಯೊಂದನ್ನು ಕಟ್ಟಿ ತಮ್ಮ ಕಣ್ಣೆದುರು ತೂಗಬಿಟ್ಟಿದ್ದರು. ಫೋನು ಬಂದಾಗ ನಾನು ದಾರ ಜಗ್ಗಬೇಕು, ಕಂಡಿಕೆ ಕುಣಿದರೆ ಮಗ್ಗ ನಿಲ್ಲುತ್ತದೆ. ಮಾತು ಮುಗಿದು ಮತ್ತೆ ಜಗ್ಗಿದರೆ ಶುರುವಾಗುತ್ತದೆ. ಅಷ್ಟು ದಿನ ಆ ದಾರದ ಮೇಲೆ ನನ್ನ ನೌಕರಿ ನಿಂತಿತ್ತು ಎಂದರೆ ಸುಳ್ಳಲ್ಲ.

ಆ ಮೌನಕ್ಕೆ ಆ ಮನೆಯೊಳಗೆ ಏನು ಮಾಡಬೇಕಾಗುತ್ತಿತ್ತು ಎಂಬುದು ತಿಳಿದದ್ದು ಆಮೇಲೆ. ಕಾಕಾರ ಹೆಂಡತಿ ಕಾಕುಗೆ ಲಕ್ವಾ ಹೊಡೆದು ಮಾತು ಹೋಗಿತ್ತು, ಒಂದು ಮಗ್ಗುಲು ಹೋಗಿತ್ತು, ಕಣ್ಣೂ ಮಂಜು. ಅವರ ಹಾಸಿಗೆ ಮಗ್ಗದ ಕುಣಿಯ ಪಕ್ಕಕ್ಕೇ ಇತ್ತು. ಒಂದು ದಿನ ಮಾತಿನ ನಡುವೆ ಕರೆಂಟು ಹೋಗಿ ಫೋನು ಕಡಿಯಿತು, ಹೇಳಿ ಬರೋಣವೆಂದು ಒಳಗೆ ಹೋದೆ. ಕಾಕಾ ಕುಣಿಯೊಳಗೇ ಕೂತು, ಹೆಂಡತಿಯ ಸ್ವಾಧೀನವಿದ್ದ ಕೈ ಎತ್ತಿ ತಮ್ಮ ಹೆಗಲ ಮೇಲೆ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ಸಂಕೋಚದಿಂದ, "ಮಗ್ಗ ನಿಂತ್ರ ನಾ ಸತ್ತೇನಂತ ತಿಳ್ಕೊಂಡು ಹಂಬಲಸ್ತಾಳ. ಕೈಯಾಗ ಹೆಗಲ ಕೊಟ್ರ ಸುಮ್ಮನಾಗ್ತಾಳ" ಎಂದರು. ನಾನು ಬೇರೆ ಖೋಲಿ ನೋಡಿಕೊಳ್ಳುತ್ತೇನೆ ಎಂದೆ. ನಿನಗೆ ಹುಚ್ಚು ಹಿಡಿದಿದೆ ಎಂದು ಬೈದು ಚಹಾ ಕುಡಿಸಿ ಕಳಿಸಿದರು.

ಕಾಕು ಹಾಸಿಗೆ ಹಿಡಿದ ಮೇಲೆ ರೊಟ್ಟಿ ಬಡಿಯುವವರೂ ಕಾಕಾರೇ. ರೊಟ್ಟಿ ದಪ್ಪ, ಅಂಚು ಕರಿ, ಯಾರಾದರೂ ಹೆಸರಿಟ್ಟರೆ ಸಿಟ್ಟು. ನನ್ನ ಮಗಳು ಮಾತ್ರ ನನ್ನ ರೊಟ್ಟಿ ಬಿಟ್ಟು ಅದನ್ನೇ ಹೋಗಿ ತಿನ್ನುತ್ತಿದ್ದಳು. ಮಧ್ಯಾಹ್ನದ ನಂತರ ನಾನು ಕೆಲಸಕ್ಕೆ ಕೂತೆನೆಂದರೆ ಅವಳು ಅವರ ಮನೆಯವಳೇ. ಬೆಳಿಗ್ಗೆ ನನಗೆ ಬಿಡುವಿರುತ್ತಿದ್ದುದರಿಂದ ಕಾಕು ಮಾಡುತ್ತಿದ್ದ ಕೆಲಸ ನಾನು ಕಲಿತುಕೊಂಡೆ. ನಮ್ಮ ಸೀರೆಯ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸದೆ ಸೆರಗು ನೇಯಲಾಗದು. ನಾನು ಕೊಂಡಿ ಹಾಕುತ್ತ ಕೂತಾಗ ಕಾಕಾ ನನ್ನ ಕಂಪನಿಯ ಸುದ್ದಿ ಕೇಳುತ್ತಿದ್ದರು. ಅಲ್ಲಿ ಯಾರು ಯಾರಿಗೆ ಬೈದರು ಎಂಬುದು ಅವರಿಗೆ ಭಾರಿ ರುಚಿ.

ಹಾಗೆ ಕೂತಾಗಲೇ ಒಂದು ದಿನ ನಾನು ಅತ್ತುಬಿಟ್ಟೆ. ಇನ್ನು ಮುಂದೆ ಯುರೋಪಿನೊಳಗೆ ಇರುವವರಿಗಷ್ಟೇ ಕೆಲಸ ಎಂದು ಕಂಪನಿ ಹೇಳಿತ್ತು. ಬೇಕಾದರೆ ಪೋರ್ಚುಗಲ್ಲಿಗೆ ಬನ್ನಿ, ಅಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ವೀಸಾ ಇದೆ, ಕಾಗದಪತ್ರಕ್ಕೆ ನಾವು ನೆರವಾಗುತ್ತೇವೆ ಎಂದಿತ್ತು. ಬಾಗಲಕೋಟೆಯ ನವನಗರದಲ್ಲಿ ವೀಸಾ ಮಾಡಿಸಿಕೊಡುವವನನ್ನು ಕಂಡು ಬಂದೆ. ನಿಮ್ಮ ಪಗಾರಕ್ಕೆ ಒಬ್ಬರಿಗೆ ಮಾತ್ರ ಆಗುತ್ತದೆ, ಮಗಳನ್ನು ಮುಂದೆ ಕರೆಸಿಕೊಳ್ಳಿ, ಎಷ್ಟು ದಿನಕ್ಕೆ ಎಂದು ಮಾತ್ರ ಕೇಳಬೇಡಿ ಎಂದ. ಹುನಗುಂದದ ಅಣ್ಣನ ಮನೆಗೆ ಹೋದರೆ ಅತ್ತಿಗೆ ಒಳಗಿನಿಂದ ಹೊರಗೆ ಬರಲೇ ಇಲ್ಲ. ಅಣ್ಣ, ಹಾಸ್ಟೆಲಿಗೆ ಹಾಕು ಎಂದ. ಆ ಮಾತು ಕೇಳಿದ ದಿನದಿಂದ ಮಗಳು ತಾಟಿನ ಮುಂದೆ ಕೂತು ಉಣ್ಣದೆ ಎದ್ದು ಹೋಗತೊಡಗಿದಳು. ಹೋದರೆ ಮಗು ಇಲ್ಲ, ಹೋಗದಿದ್ದರೆ ಮಗುವಿಗೆ ಕೂಳಿಲ್ಲ. ಬಯೋಡೇಟಾ ಎಲ್ಲೆಲ್ಲಿಗೋ ಕಳಿಸಿದೆ, ಯಾರೂ ಉತ್ತರಿಸಲಿಲ್ಲ. ಕಂಗಾಲು ಎಂಬ ಶಬ್ದದ ಅರ್ಥ ನನಗೆ ಆಗ ತಿಳಿಯಿತು.

ಹೋಗಬೇಡ ಎಂದು ಯಾರಾದರೂ ಅಂದರೆ ಸಾಕಾಗಿತ್ತು. ಕಾಕಾರನ್ನೇ ಕೇಳಿದೆ, "ನಾ ಹೋಗ್ಲೋ ಬ್ಯಾಡೋ, ನೀವ ಹೇಳ್ರಿ."

ಅವರು ಮೊದಲು ಕೇಳಿದ್ದು, "ಅಲ್ಲಿ ನಿನ್ನ ಗೋಡಿ ಆಚಿ ಯಾರ್ ಇರ್ತಾರ?"

ಗೊತ್ತಿಲ್ಲ ಎಂದೆ. ಯಾರಾದರೂ ಇದ್ದರೂ ಸಪ್ಪಳ ಬರುವುದಿಲ್ಲವಂತೆ ಎಂದೆ. ಅದು ಅವರಿಗೆ ಹಿಡಿಸಲಿಲ್ಲ. ಹರೆಯದಲ್ಲಿ ತಾವು ಇಚಲಕರಂಜಿಯ ಪಾವರ್‌ಲೂಮಿಗೆ ಹೋಗಿ ಓಡಿಬಂದದ್ದನ್ನು ಹೇಳಿದರು. ಅಲ್ಲಿ ಎಲ್ಲ ಮಗ್ಗ ಒಮ್ಮೆಲೇ ಬಡಿಯುತ್ತಿದ್ದವಂತೆ, ತಮ್ಮದು ಯಾವುದು ಎಂದೇ ತಿಳಿಯುತ್ತಿರಲಿಲ್ಲವಂತೆ. ನಾನು ರೇಗಿ, ನೀವು ಓಡಿಬರಲು ಇಲ್ಲಿ ಒಂದು ಮಗ್ಗ ಇತ್ತು, ನನಗೇನಿದೆ ಎಂದೆ. ಕಾಕಾ ಎದ್ದು ರೊಟ್ಟಿ ಬಡಿಯಲು ಒಳಗೆ ಹೋದರು.

ಮರುದಿನ ಅವರೇ ಬಂದು ಬಾಗಿಲಲ್ಲಿ ನಿಂತರು. "ಹೋಗವಾ. ಹುಡುಗಿ ನಮ್ಮಲ್ಲಿ ಇರ್ಲಿ. ಅಕಿನೂ ಅಳ್ತಾಳ, ನೀನೂ ಅಳ್ತಿ. ಅತ್ರ ಯಾರೂ ಸಾಯೂದಿಲ್ಲ" ಎಂದರು. ನನ್ನ ಮಗಳನ್ನು ಇಟ್ಟುಕೊಳ್ಳುತ್ತೇನೆ ಎಂದ ಮೊದಲ ಮನುಷ್ಯ, ಕೊನೆಯ ಮನುಷ್ಯ ಕೂಡ. ಆ ರಾತ್ರಿ ಮಗಳು ಊಟ ಮಾಡಿದಳು. ನಾನು ಹೋಗುವುದೆಂದು ಗಟ್ಟಿ ಮಾಡಿದೆ.

ಕಂಪನಿಗೆ ಒಪ್ಪಿಗೆ ತಿಳಿಸುವ ವಾರ. ಮಧ್ಯಾಹ್ನ ಒಬ್ಬ ಹೆಂಗಸಿನ ಫೋನು ಬಂತು; ಮಕ್ಕಳನ್ನು ಕಟ್ಟಿಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತಿದ್ದಾಳೆ, ಅವಳ ಹೆಸರಿನಲ್ಲಿ ಕೋಣೆಯೇ ಇಲ್ಲ. ದಾರ ಜಗ್ಗಿದೆ, ಮಗ್ಗ ನಿಂತಿತು. ಅವಳಿಗೊಂದು ಕೋಣೆ ಹುಡುಕಿ ಕೊಡಲು ಬಹಳ ಹೊತ್ತು ಹಿಡಿಯಿತು. ಮುಗಿಸಿ ಮತ್ತೆ ಜಗ್ಗಿದೆ. ಮಗ್ಗ ಶುರುವಾಗಲಿಲ್ಲ. ಕಾಕು ಹಂಬಲಿಸುವ ದನಿಯೂ ಇಲ್ಲ. ಚಹಾಕ್ಕೆ ಹೋಗಿರಬೇಕು ಎಂದುಕೊಂಡೆ, ಆಮೇಲೆ ಕಾಕುವನ್ನು ಸುಮ್ಮನಾಗಿಸಿದವರು ಯಾರು ಎನಿಸಿ ಎದ್ದು ಹೋದೆ.

ಕಾಕಾ ನೇಯ್ದ ಸೀರೆಯ ಮೇಲೆ ತಲೆಯಿಟ್ಟು ಬಾಗಿದ್ದರು. ಮೈ ಆಗಲೇ ತಣ್ಣಗಾಗುತ್ತಿತ್ತು. ಕಾಕುವಿನ ಕೈ ಅವರ ಹೆಗಲ ಮೇಲಿತ್ತು, ಕಾಕು ನಿಶ್ಚಿಂತರಾಗಿದ್ದರು. ಆ ಕೈ ತೆಗೆಯಬೇಕಾದವಳು ನಾನು. ಓಣಿಯವರನ್ನು ಕೂಗುವ ಮೊದಲು ಸ್ವಲ್ಪ ಹೊತ್ತು ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕೂತೆ.

ಕಂಪನಿಗೆ ಬರುವುದಿಲ್ಲ ಎಂದು ಬರೆದೆ. ಊರಿನ ಮೇಲಿನ ಪ್ರೀತಿಯಿಂದಲ್ಲ, ಧೈರ್ಯ ಸಾಲದೆಯೂ ಅಲ್ಲ; ಮಗಳನ್ನು ಬಿಟ್ಟುಹೋಗಲು ಇನ್ನೊಂದು ಮನೆ ಇರಲಿಲ್ಲ. ನೌಕರಿ ಹೋಯಿತು. ಈಗ ಒಂದು ಅಂಗಡಿಯಲ್ಲಿ ಸೀರೆ ಮಡಚಿಡುವ ಕೆಲಸ, ತಿಂಗಳ ಕೊನೆ ಬರುವಷ್ಟರಲ್ಲಿ ಡಬ್ಬಿಗಳ ತಳ ಕಾಣುತ್ತದೆ. ಕಾಕುವನ್ನು ಚೊಳಚಗುಡ್ಡದ ಅವರ ತಮ್ಮ ಕರೆದುಕೊಂಡು ಹೋದ. ನೀನು ಹೋಗಲಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದು ಜನ ಹೊಗಳಿದಾಗ ನನಗೆ ಮೈ ಉರಿಯುತ್ತದೆ. ಕಾಕಾ ಬದುಕಿದ್ದರೆ ನಾನು ಇವತ್ತು ಈ ಊರಲ್ಲಿ ಇರುತ್ತಿರಲಿಲ್ಲ. ಅವರ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಹೇಳಲು ನನಗೆ ಬರುವುದಿಲ್ಲ.