ಬಲ ಎಂದು ಕೂಗಿದ್ದು ನಾನು

ಸುಜಿತ್ ಹೆದರಿ ನಿಂತುಬಿಟ್ಟ ಎಂದು ಎಲ್ಲರೂ ಹೇಳುತ್ತಾರೆ. ಫೈನಲ್‌ಗೆ ಒಂದು ವಾರ ಮುಂಚಿನ ಅಭ್ಯಾಸ ಪಂದ್ಯದಲ್ಲಿ, ಮೈದಾನದ ನಟ್ಟನಡುವೆ, ದಿಕ್ಕು ತೋಚದೆ ನಿಂತ — ಹೀಗೆಂದು ನಮ್ಮ ಕ್ಯಾಪ್ಟನ್ ಮಾರ್ಕಸ್ ಹೇಳುತ್ತಾನೆ, ತಂಡದ ಉಳಿದವರು ಹೇಳುತ್ತಾರೆ, ಮೂರು ವರ್ಷಗಳಿಂದ ಸುಜಿತ್ ಕೂಡ ಹೇಳುತ್ತಿದ್ದಾನೆ. ಇಷ್ಟು ಜನ ಒಂದೇ ಮಾತು ಹೇಳಿದರೆ ಅದು ನಿಜವಾಗುತ್ತದೆಯೇ? ಸಾಕ್ಷಿ ಏನು? ನೋಡಿದವರಿಗೆ ಕಂಡದ್ದು ಇಷ್ಟೇ: ಓಡುತ್ತಿದ್ದವನು ನಿಂತ, ತಿರುಗಿದ. ಹೆದರಿಕೆ ಎಂಬುದನ್ನು ಅದರ ಮೇಲೆ ಆಮೇಲೆ ಅಂಟಿಸಿದ್ದು. ಅಂಟಿಸುವಾಗ ನಾನು ಅಲ್ಲೇ ಇದ್ದೆ — ಅಂಟು ಕೂಡ ನನ್ನದೇ.

ಸುಜಿತ್ ಹೆದರಲಿಲ್ಲ. ನಾನು ಕರೆದೆ, ಅವನು ಬಂದ. ಅದು ನನಗೆ ಗೊತ್ತಿತ್ತು, ಹೇಳಲಿಲ್ಲ.

ಇದನ್ನು ಕನ್ನಡದಲ್ಲೇ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದರೆ ನಾನು ಮತ್ತೆ ಗೆದ್ದುಬಿಡುತ್ತೇನೆ.

ನಮ್ಮದು ಸಿಂಗಾಪುರದ ಒಂದು ಕಾಲೇಜು ತಂಡ. ಆಟ ಫ್ಲ್ಯಾಗ್ ಫುಟ್‌ಬಾಲ್ — ಅಮೆರಿಕನ್ ಫುಟ್‌ಬಾಲನ್ನೇ ಒಬ್ಬರ ಮೇಲೊಬ್ಬರು ಬಿದ್ದು ಮೂಳೆ ಮುರಿದುಕೊಳ್ಳದ ಹಾಗೆ ಆಡುವುದು. ಸೊಂಟದ ಎರಡೂ ಪಕ್ಕ ಒಂದೊಂದು ಪಟ್ಟಿ ಜೋತಾಡುತ್ತಿರುತ್ತದೆ. ಚೆಂಡು ಹಿಡಿದವರ ಪಟ್ಟಿಯನ್ನು ಎದುರಾಳಿ ಕಿತ್ತರೆ ಅಲ್ಲಿಗೆ ಆ ಓಟ ಮುಗಿಯಿತು. ಹುಡುಗ ಹುಡುಗಿಯರು ಸೇರಿಯೇ ಆಡುತ್ತೇವೆ. ಲೀಗ್ ಮುಗಿದ ಮೇಲೆ ಮೊದಲೆರಡು ತಂಡಗಳ ನಡುವೆ ದೊಡ್ಡ ಪಂದ್ಯ. ಅಮೆರಿಕದ ಕಾಲೇಜುಗಳನ್ನು ನೋಡಿ ಅದಕ್ಕೆ ‘ಬೌಲ್’ ಎಂದೇ ಹೆಸರಿಟ್ಟುಕೊಂಡಿದ್ದರು. ಆ ವರ್ಷ ನಾವು ಮೊದಲ ಸಲ ಬೌಲ್‌ಗೆ ತಲುಪಿದ್ದೆವು. ನಾನು ಎರಡನೇ ವರ್ಷದವಳು, ಚೆಂಡು ಎಸೆಯುವವಳು. ಸುಜಿತ್ ಕೊನೆಯ ವರ್ಷದವನು, ಓಡಿಹೋಗಿ ಅದನ್ನು ಹಿಡಿಯುವವನು. ಅವನ ಪಾಲಿಗೆ ಅದಕ್ಕಿಂತ ಮುಂದೆ ಬೇರೆ ಪಂದ್ಯವಿರಲಿಲ್ಲ.

ಡಿಬೇಟ್ ಕ್ಲಬ್ಬಿನಲ್ಲಿದ್ದ ನನ್ನನ್ನು ಮೈದಾನಕ್ಕೆ ಎಳೆದು ತಂದವನೇ ಅವನು. ಕ್ಯಾಂಟೀನಿನಲ್ಲಿ ಕೂತು ನಾನು ಅಮ್ಮನ ಜೊತೆ ಫೋನಿನಲ್ಲಿ ವಾದ ಮಾಡುತ್ತಿದ್ದೆ. ಕನ್ನಡ ಕಿವಿಗೆ ಬಿದ್ದು ಪಕ್ಕದ ಮೇಜಿನಿಂದ ಎದ್ದು ಬಂದ. "ಇಷ್ಟು ದೊಡ್ಡ ಬಾಯಿ ಸುಮ್ನೆ ವೇಸ್ಟ್ ಆಗ್ತಿದೆ ಕಣೇ. ನಮ್ಮ ಟೀಮ್‌ಗೆ ಕೂಗೋರು ಬೇಕು" ಎಂದ. ಪರಿಚಯವೇ ಇಲ್ಲದ ಹುಡುಗ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಕನ್ನಡದಲ್ಲಿ ಸೂಚನೆ ಕೊಡೋಣ ಎಂಬ ಉಪಾಯ ನನ್ನದು. ‘ಲೆಫ್ಟ್’, ‘ರೈಟ್’ ಎಂದು ಕೂಗಿದರೆ ಎದುರಾಳಿಗಳಿಗೂ ತಿಳಿಯುತ್ತದೆ. ಮ್ಯಾಂಡರಿನ್, ಮಲಯ್ ಇಲ್ಲಿ ಯಾರಿಗಾದರೂ ಗೊತ್ತಿರುತ್ತದೆ, ತಮಿಳೂ ಅಷ್ಟೇ. ಕನ್ನಡ ನಮ್ಮಿಬ್ಬರಿಗೆ ಮಾತ್ರ. ಅವನಿಗಾಗಿ ಎಸೆಯುವ ಚೆಂಡಿಗೆ ‘ಎಡಗಡೆ’, ‘ಬಲಗಡೆ’ ಎಂದರೆ ಸಾಕು. ಮಾರ್ಕಸ್‌ಗೆ ಇಷ್ಟವಿರಲಿಲ್ಲ. "ದೆನ್ ದಿ ರೆಸ್ಟ್ ಆಫ್ ಅಸ್ ಹೌ? ಸ್ಟ್ಯಾಂಡ್ ದೇರ್ ಬ್ಲರ್ ಬ್ಲರ್?" ಎಂದ — ಉಳಿದವರು ಏನೂ ತಿಳಿಯದೆ ನಿಲ್ಲಬೇಕೇ ಎಂದು. ಅವನ ಒಂದೊಂದು ಆಕ್ಷೇಪಕ್ಕೂ ನನ್ನ ಬಳಿ ಉತ್ತರವಿತ್ತು. ಕೊನೆಗೆ ಅವನು ಒಪ್ಪಿದನೋ, ಸುಸ್ತಾದನೋ — ನನ್ನೊಂದಿಗೆ ವಾದ ಮಾಡಿದವರಲ್ಲಿ ಆ ಎರಡರ ವ್ಯತ್ಯಾಸ ನನಗೆ ಯಾವತ್ತೂ ಸರಿಯಾಗಿ ತಿಳಿದಿಲ್ಲ.

ಅಭ್ಯಾಸ ಪಂದ್ಯಕ್ಕೆ ಆರು ದಿನ ಮುಂಚೆ, ಭಾನುವಾರ, ಬೂನ್ ಲೇಯಲ್ಲಿರುವ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಅವರದು ಉಡುಪಿ ಕಡೆಯ ತುಳು ಮಾತಾಡುವ ಮನೆ. ನಮ್ಮದು ಮೈಸೂರಿನ ಕಡೆ. ಅವನ ಅಪ್ಪ ಉಬಿಯ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ — ದಿನಾ ಊರಿನ ಈ ತುದಿಯಿಂದ ಆ ತುದಿಗೆ, ಶನಿವಾರವೂ. ಬೌಲ್ ನಡೆಯುವ ಶನಿವಾರಕ್ಕೆ ರಜೆ ಹಾಕಿಯಾಗಿತ್ತು. ಅವನ ಅಮ್ಮ ಜಲಜಾ ಆಂಟಿ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದರು.

"ಬೌಲ್ ಅಂದ್ರೆ ಪಾತ್ರೆಯಾ ಮಾರಾಯ್ತಿ? ಗೆದ್ರೆ ಅದ್ರಲ್ಲಿ ಎಂತ ಹಾಕಿ ಕೊಡ್ತಾರೆ?"

"ಖಾಲಿನೇ ಕೊಡ್ತಾರೆ ಆಂಟಿ."

"ಖಾಲಿ ಪಾತ್ರೆಗೆ ಇಷ್ಟು ಓಡುದಾ?"

ಅಡುಗೆಮನೆಗೆ ಹೋದವರು ಅಲ್ಲಿಂದಲೇ ಕೂಗಿದರು: "ಬಲ ಮಗಾ, ಬಲ ಬಲ." ಸುಜಿತ್ ನನಗೇನೋ ಹೇಳುತ್ತಿದ್ದವನು ಮಾತು ಮುಗಿಸುವ ಮೊದಲೇ ಎದ್ದು ನಿಂತಿದ್ದ.

"ಏನೋ, ನಿಮ್ಮಮ್ಮ ರೈಟ್‌ಗೆ ತಿರುಗು ಅಂತಿದ್ದಾರಾ?" ಎಂದೆ.

"ತುಳುನಲ್ಲಿ ಬಲ ಅಂದ್ರೆ ಬಾ ಅಂತ ಲಾ. ಅಮ್ಮ ಹಾಗೆ ಕರೆದ್ರೆ ಊಟ ರೆಡಿ. ಕಾಲು ತಾನಾಗೇ ಹೋಗುತ್ತೆ." ಸಿಂಗಾಪುರದ ‘ಲಾ’ ಅವನ ಕನ್ನಡಕ್ಕೂ ಅಂಟಿಕೊಂಡಿತ್ತು.

ನಕ್ಕೆವು. ನೀರುದೋಸೆ ತಿಂದೆವು. ಆ ಕ್ಷಣದಲ್ಲೇ ಕೋಡ್ ಬದಲಿಸಬೇಕು ಎಂದು ನನಗೆ ಹೊಳೆಯಿತೇ? ಹೊಳೆದಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ — ನಾವು ಕೂಗುವುದು ‘ಬಲಗಡೆ’ ತಾನೇ, ಅದರಲ್ಲಿ ಗೊಂದಲವೇನಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡ ನೆನಪು. ಆ ನೆನಪು ನಿಜವೋ ಆಮೇಲೆ ಕಟ್ಟಿಕೊಂಡದ್ದೋ ಗೊತ್ತಿಲ್ಲ. ಬೇರೆಯವರ ಹೇಳಿಕೆಯಲ್ಲಿ ಇಂಥ ಬಿರುಕು ಕಂಡರೆ ನಾನು ಬಿಡುತ್ತಿರಲಿಲ್ಲ.

ಶನಿವಾರದ ಅಭ್ಯಾಸ ಪಂದ್ಯ, ಕೊನೆಯ ಕೆಲವು ನಿಮಿಷ. ಸುಜಿತ್ ನೇರ ಓಡುತ್ತಿದ್ದ, ಇಬ್ಬರು ಅವನ ಹಿಂದೆ. ಅವನ ಬಲಕ್ಕೆ ಜಾಗ ಖಾಲಿ ಬಿದ್ದಿತ್ತು. ನನ್ನ ಪಟ್ಟಿಗೆ ಕೈ ಚಾಚಿ ಒಬ್ಬ ನುಗ್ಗಿ ಬರುತ್ತಿದ್ದ. ‘ಬಲಗಡೆ’ ಎನ್ನುವಷ್ಟು ಉಸಿರು ಉಳಿದಿರಲಿಲ್ಲ.

"ಬಲ, ಬಲ" ಎಂದು ಕೂಗಿ, ಅವನು ಬಲಕ್ಕೆ ಹೋಗುತ್ತಾನೆಂದು ನಂಬಿ ಎಸೆದೆ.

ಅವನು ನಿಂತ. ತಿರುಗಿದ. ನನ್ನ ಕಡೆಗೆ ಎರಡು ಹೆಜ್ಜೆ ಓಡಿ ಬಂದ. ಚೆಂಡು ಅವನಿಲ್ಲದ ಜಾಗಕ್ಕೆ ಹೋಯಿತು. ಎದುರು ತಂಡದವನು ಅದನ್ನು ಹಿಡಿದು ಮೈದಾನದ ಕೊನೆವರೆಗೂ ಓಡಿದ. ನಾನು ಆ ಓಟ ನೋಡಲಿಲ್ಲ, ಸುಜಿತ್‌ನ ಮುಖ ನೋಡುತ್ತಿದ್ದೆ. ಹೆದರಿಕೆ ಅಲ್ಲಿರಲಿಲ್ಲ — ಕರೆದದ್ದು ಯಾಕೆ ಎಂದು ಕೇಳುವವನ ಮುಖ ಅದು.

ಪಂದ್ಯ ಮುಗಿದ ಮೇಲೆ ಮೆಟ್ಟಿಲುಗಳ ಮೇಲೆ ಕೂತೆವು. ಏನಾಯಿತು ಎಂದು ಮಾರ್ಕಸ್ ಕೇಳಿದ.

"ಐ ಡೋಂಟ್ ನೋ ಲಾ" ಎಂದ ಸುಜಿತ್. "ಸಂಬಡಿ ಕಾಲ್ಡ್ ಮಿ."

ಯಾರೋ ಕರೆದರು. ಎಲ್ಲರೂ ನಕ್ಕರು. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಸತ್ತವರು ಭೂಮಿಗೆ ಬರುತ್ತಾರೆ, ಆ ತಿಂಗಳಲ್ಲಿ ಯಾರಾದರೂ ಹಿಂದಿನಿಂದ ಕರೆದರೆ ತಿರುಗಿ ನೋಡಬಾರದು ಎಂದು ಇಲ್ಲಿನ ಚೀನೀ ಮನೆಗಳಲ್ಲಿ ಹೇಳುತ್ತಾರೆ. "ಬ್ರೋ, ಸೆವೆಂತ್ ಮಂತ್ ಓವರ್ ಆಲ್ರೆಡಿ" ಎಂದ ಹಿಂದೆ ಕೂತವನೊಬ್ಬ. ಇನ್ನೊಂದು ಸುತ್ತು ನಗು. ಸುಜಿತ್ ಕೂಡ ನಕ್ಕ. ತಂಡದಲ್ಲಿ ಅವನು ನಿಜ ಹೇಳುತ್ತಿದ್ದಾನೆಂದು ತಿಳಿದಿದ್ದವಳು ಒಬ್ಬಳೇ.

ಮಾರ್ಕಸ್ ನನ್ನ ಕಡೆ ತಿರುಗಿದ. "ಮಾನಸ, ವಾಟ್ ಡಿಡ್ ಯೂ ಕಾಲ್?"

"ರೈಟ್. ಐ ಕಾಲ್ಡ್ ರೈಟ್."

ಇಷ್ಟೇ ನಾನು ಆಡಿದ ಮಾತು. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ — ಮೂರು ವರ್ಷ ನನ್ನೊಳಗೆ ಇದನ್ನೇ ಕೇಳಿಕೊಂಡಿದ್ದೇನೆ. ಬಲ ಎಂದರೆ ರೈಟ್. ಅನುವಾದ ಸರಿ. ಅಷ್ಟೇ ಅಲ್ಲ, ಆ ಇಂಗ್ಲಿಷ್ ಪದಕ್ಕೆ ‘ಸರಿ’ ಎಂಬ ಅರ್ಥವೂ ಇರುವುದರಿಂದ, ನಾನು ಕೂಗಿದ್ದು ಸರಿಯಾಗಿತ್ತು ಎಂದೂ ಅದೇ ಉಸಿರಿನಲ್ಲಿ ಹೇಳಿದಂತಾಯಿತು. ಡಿಬೇಟಿನಲ್ಲಿ ನಮಗೆ ಮೊದಲು ಕಲಿಸುವುದೇ ಇದು: ಎದುರಾಳಿ ಬಳಸಿದ ಪದದ ಅರ್ಥವನ್ನು ಹಿಡಿ, ಅಲ್ಲಿಂದಲೇ ಕೆಡವು. ನನ್ನ ಪದವನ್ನು ಹಿಡಿದು ಕೇಳಬಲ್ಲವನು ಆ ಮೆಟ್ಟಿಲುಗಳ ಮೇಲೆ ಒಬ್ಬನೇ ಇದ್ದ, ಅವನು ಆಗಲೇ ತನ್ನನ್ನು ತಾನೇ ಬೈದುಕೊಳ್ಳುತ್ತ ಕೂತಿದ್ದ.

ಒಂದು ಮಾತು ಮಾತ್ರ ಕಡಿಮೆಯಾಗಿತ್ತು — ನಾನು ಕೂಗಿದ ಪದಕ್ಕೆ ಅವನ ಮನೆಯಲ್ಲಿ ಬಾ ಎಂದು ಅರ್ಥ. ಅದನ್ನು ಹೇಳಿದ್ದರೆ ಏನಾಗುತ್ತಿತ್ತು? ಕೋಡ್ ನನ್ನದು, ಹಟ ಹಿಡಿದು ತಂದವಳು ನಾನು, ಕೇಳದೆ ಮೊಟಕು ಮಾಡಿದವಳೂ ನಾನು. ಚೆಂಡು ಎಸೆಯಲು ಇನ್ನೊಬ್ಬಳು ತಯಾರಾಗಿದ್ದಳು. ಮಾರ್ಕಸ್ ಅವಳನ್ನು ಹಾಕುತ್ತಿದ್ದ. ಬೌಲ್‌ನಲ್ಲಿ ನಾನು ಆಡಬೇಕಿತ್ತು. ಕಾರಣ ಇಷ್ಟೇ ಚಿಕ್ಕದು. ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

"ಯೂ ಫ್ರೋಜ್, ಬ್ರೋ. ಇಟ್ ಹ್ಯಾಪನ್ಸ್" ಎಂದ ಮಾರ್ಕಸ್, ಪ್ರೀತಿಯಿಂದಲೇ.

"ಮೇ ಬಿ" ಎಂದ ಸುಜಿತ್.

ಆ ‘ಮೇ ಬಿ’ಯನ್ನು ತಡೆಯಬಹುದಿತ್ತು. ತಡೆಯಲು ಇಡೀ ಒಂದು ವಾರವಿತ್ತು. ಮಂಗಳವಾರ ತಂಡದ ಗ್ರೂಪಿನಲ್ಲಿ ಆಡುವವರ ಹೆಸರುಗಳ ಪಟ್ಟಿ ಬಂತು, ಅವನ ಹೆಸರು ಮೀಸಲು ಆಟಗಾರರ ಸಾಲಿನಲ್ಲಿತ್ತು. ಅವತ್ತೇ ಅವನಿಂದ ನನಗೊಂದು ಮೆಸೇಜ್: "ನೀನು ಆರಾಮಾಗಿ ಎಸಿ. ನಾನು ಸೈಡಿಂದ ಕೂಗ್ತೀನಿ." ನಾನು ಹೆಬ್ಬೆಟ್ಟಿನ ಚಿತ್ರ ಕಳಿಸಿದೆ. ಆಮೇಲೆ ಮಾರ್ಕಸ್‌ನ ಬಳಿ ಹೋಗಿ, ಸುಜಿತ್ ಆಡುವುದಿಲ್ಲ ಎಂದ ಮೇಲೆ ಕನ್ನಡ ಕೋಡ್ ಯಾಕೆ, ತೆಗೆದುಬಿಡೋಣ ಎಂದೆ. ಮೌನವಾಗಿದ್ದೆ ಎಂದಷ್ಟೇ ಹೇಳಿ ಪಾರಾಗಲು ಬರುವುದಿಲ್ಲ, ನೋಡಿ — ಸಾಕ್ಷಿಯನ್ನು ಅಳಿಸಿದ್ದೂ ನಾನೇ.

ಬೌಲ್ ಗೆದ್ದೆವು. ಸೋತಿದ್ದರೆ ಈ ಕಥೆ ಅಷ್ಟು ಗಟ್ಟಿಯಾಗುತ್ತಿರಲಿಲ್ಲವೇನೋ. ಅವನನ್ನು ಹೊರಗಿಟ್ಟರು, ಗೆದ್ದರು — ಹಾಗಾದರೆ ಹೊರಗಿಟ್ಟದ್ದು ಸರಿ. ಎಷ್ಟು ಕೆಟ್ಟ ತರ್ಕ ಅದು, ಮೊದಲ ವರ್ಷದ ಮಕ್ಕಳು ಹರಿದು ಹಾಕುತ್ತಾರೆ. ನಾನು ಅದನ್ನು ಹರಿಯದೆ ಬಿಟ್ಟೆ.

ಅರ್ಧ ಆಟವಾದಾಗ ನೀರು ಕುಡಿಯಲು ಹೋದವಳನ್ನು ಜಲಜಾ ಆಂಟಿ ಗ್ಯಾಲರಿಯ ಕಂಬಿಯ ಬಳಿ ಕರೆದು ಕೇಳಿದರು: "ಇವನನ್ನು ಯಾವಾಗ ಬಿಡ್ತಾರೆ ಮಗಾ?"

"ನೋಡೋಣ ಆಂಟಿ. ಮಾರ್ಕಸ್ ಡಿಸೈಡ್ ಮಾಡ್ತಾನೆ."

ಇದೂ ಸುಳ್ಳಲ್ಲ. ನನ್ನ ಯಾವ ಮಾತೂ ಸುಳ್ಳಲ್ಲ. ಸುಜಿತ್‌ನ ಅಪ್ಪ ಪಕ್ಕದಲ್ಲಿ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಎರಡನೇ ಅರ್ಧ ಇನ್ನೂ ಶುರುವಾಗಿರಲಿಲ್ಲ. ಫೋನ್ ತಿರುಗಿದ್ದು ಅಂಚಿನ ಬೆಂಚಿನ ಕಡೆಗೆ, ಬೂಟಿನ ದಾರ ಬಿಗಿ ಮಾಡಿಕೊಳ್ಳುತ್ತಿದ್ದ ಮಗನ ಕಡೆಗೆ. ಅವನು ಕೊನೆಯವರೆಗೂ ಅಂಗಳಕ್ಕೆ ಇಳಿಯಲಿಲ್ಲ.

ಇಷ್ಟು ಹಳೆಯದನ್ನು ಈಗ ಯಾಕೆ ಕೆದಕುವುದು? ಹೋದ ವಾರ ಬ್ಯೂನಾ ವಿಸ್ಟಾದ ಹಾಕರ್ ಸೆಂಟರಿನಲ್ಲಿ ಅವನ ಜೊತೆ ಊಟ ಮಾಡಿದೆ. ಅವನ ಆಫೀಸು ಹತ್ತಿರದಲ್ಲೇ.

"ಹೊಸ ಪ್ರಾಜೆಕ್ಟ್‌ಗೆ ನೀನೇ ಲೀಡ್ ಆಗು ಅಂತಿದ್ದಾರೆ" ಎಂದ. "ಬೇಡ ಅಂತ ಹೇಳೋಣ ಅಂತಿದೀನಿ."

"ಯಾಕೋ?"

"ಕ್ಲೈಂಟ್ ಮುಂದೆ ನಿಂತು ಅಲ್ಲೇ ಡಿಸೈಡ್ ಮಾಡ್ಬೇಕು ಕಣೇ. ದೊಡ್ಡ ದಿನ ಬಂದ್ರೆ ನಾನು ಫ್ರೀಜ್ ಆಗೋ ಪಾರ್ಟಿ ಲಾ. ನಿಂಗೇ ಗೊತ್ತಲ್ಲ."

ನಿಂಗೇ ಗೊತ್ತಲ್ಲ. ಹೌದು, ನನಗೇ ಗೊತ್ತು. ಚಮಚದಿಂದ ಅನ್ನ ಕೆದಕುತ್ತ ಕೂತೆ. ಅವನು ತಟ್ಟೆಗಳನ್ನು ಎತ್ತಿಟ್ಟು, "ನೆಕ್ಸ್ಟ್ ಫ್ರೈಡೇ ಒಳಗೆ ಹೇಳ್ಬೇಕು" ಎಂದು ಹೊರಟುಹೋದ.

ಒಂದು ಪದದಿಂದ ಒಬ್ಬನ ಸ್ವಭಾವವೇ ತಿರುಗಿತು ಎಂದು ನಾನು ವಾದಿಸಲಾರೆ. ಅವನು ಬೇಡ ಎನ್ನಲು ನನಗೆ ಗೊತ್ತಿಲ್ಲದ ಬೇರೆ ಕಾರಣಗಳೂ ಇರಬಹುದು. ಎಲ್ಲಕ್ಕೂ ನಾನೇ ಕಾರಣ ಎನ್ನುವುದೂ ಒಂದು ಜಂಬವಿರಬಹುದು. ಒಂದು ಸಲ ಅಪರಾಧ ದೊಡ್ಡದಾಗಿ ಕಾಣುತ್ತದೆ, ಇನ್ನೊಂದು ಸಲ ಕಾಲೇಜು ಆಟದ ಒಂದು ಚೆಂಡು, ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಎನಿಸುತ್ತದೆ. ಎರಡೂ ಕಡೆ ವಾದ ಮಾಡಬಲ್ಲೆ — ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತಿಲ್ಲ.

ಇದು ಅಚ್ಚಾಗುವ ಮೊದಲು ನಿನ್ನ ಕೈಗೆ ಬರುತ್ತದೆ ಸುಜಿತ್, ಗುರುವಾರವೇ. ನಿನಗೆ ಕನ್ನಡ ಓದಲು ನಿಧಾನ, ಆಂಟಿ ಓದಿ ಹೇಳಲಿ. ಅವರೂ ಕೇಳಬೇಕಾದದ್ದು ಇದು. ಮಾರ್ಕಸ್‌ಗೂ ತಂಡದ ಗ್ರೂಪಿಗೂ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತೇನೆ, ಆ ಒಂದು ಪದವನ್ನು ಮಾತ್ರ ಅನುವಾದಿಸದೆ ಹಾಗೆಯೇ ಇಟ್ಟು, ಅದಕ್ಕಿರುವ ಎರಡೂ ಅರ್ಥ ಕೊಟ್ಟು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಆಮೇಲೆ ನಾನು ಅದನ್ನೂ ಒಂದು ಗೆಲುವು ಎಂದುಕೊಳ್ಳುತ್ತೇನೆ.

ಒಂದನ್ನು ಮಾತ್ರ ಕೇಳುತ್ತೇನೆ. ಶುಕ್ರವಾರ ಆಫೀಸಿನವರ ಮುಂದೆ ಹೋಗಿ ಉತ್ತರ ಕೊಡುವವನು ಯಾರು — ನೀನೋ, ನಾನು ಮೂರು ವರ್ಷ ನಿನ್ನೊಳಗೆ ಕೂರಿಸಿಟ್ಟ ಆ ಪುಕ್ಕಲನೋ?