ಮರಿ ತುತ್ತೂರಿಯ ಎಂಜಲು

ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ಮೊಮ್ಮಗಳು ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಕತ್ತು ಹಿಂದಕ್ಕೆ ಚೆಲ್ಲಿ, ಬಾಟಲಿ ಮೇಲೆತ್ತಿ ಸುರಿದುಕೊಂಡೆ. ಅದೇ ಹೊತ್ತಿಗೆ ಬಸ್ಸು ಹಳ್ಳಕ್ಕೆ ಇಳಿಯಬೇಕೆ? ನೀರು ಬಾಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹೋಯಿತು. "ಕಚ್ಚಿ ಕುಡಿ ತಾತ!" ಎಂದು ನಕ್ಕಳು. ಹೆಚ್ಚುಕಮ್ಮಿ ಇದೇ ಮಾತನ್ನು ಹಿಂದೊಮ್ಮೆ ಬಾಷಾ ಸಾಬರು ನನಗೆ ಹೇಳಿದ್ದರು.

ಐವತ್ತರ ದಶಕದ ಕೊನೆ ಅದು. ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡು ಬೇಯಿಸುವ ವಾಸನೆಯ ಬೀದಿಯೊಂದರಲ್ಲಿ ಸಾಬರ ಬ್ಯಾಂಡ್ ಸೆಟ್ ಇತ್ತು. ಸೈನ್ಯದ ಪಟಾಲಮ್ಮಿನ ಬ್ಯಾಂಡಿನಲ್ಲಿದ್ದು ಬಂದವರು ಅವರು. ಬರುವಾಗ ಒಂದೂವರೆ ಗೇಣಿನ ಪುಟ್ಟ ಟ್ರಂಪೆಟ್ ತಂದಿದ್ದರು. ಪಿಕೊಲೊ ಟ್ರಂಪೆಟ್ ಅಂತ ಅದರ ಹೆಸರು. ಊರವರ ಬಾಯಲ್ಲಿ ಮರಿ ತುತ್ತೂರಿ. ಮದುವೆ ಮೆರವಣಿಗೆಯಲ್ಲಿ ದೊಡ್ಡ ವಾದ್ಯಗಳೆಲ್ಲ ಸೇರಿ ಗದ್ದಲ ಎಬ್ಬಿಸಿದರೂ ಇದರ ದನಿ ಮೇಲೆ ಕೇಳಿಸೋದು. ಕೇಳಿದ ದಿನವೇ ನನಗೆ ಹುಚ್ಚು ಹಿಡಿಯಿತು. ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಹೊಸ ಗುಮಾಸ್ತ. ಹುಚ್ಚು ಹಿಡಿಯುವ ವಯಸ್ಸೇ ಅನ್ನಿ.

ಕಲಿಯಲು ಹೋದ ಮೊದಲ ದಿನ ಸಾಬರು ಒಂದು ಸ್ವರ ಊದಿ ತೋರಿಸಿದರು. ಬಾಯಿಗಿಡುವ ತುದಿಯನ್ನು ಮಡಿಸಿದ ಬಟ್ಟೆಯಿಂದ ಒರೆಸಿ, "ಪರವಾಗಿಲ್ವಾಪ್ಪಾ?" ಎಂದು ಕೇಳಿ ಕೊಟ್ಟರು. ಪರವಾಗಿಲ್ಲ ಅಂದೆ. ನಾಲಿಗೆ ಹಾಗಂದರೂ ತುಟಿ ಒಪ್ಪಬೇಕಲ್ಲ! ನಮ್ಮ ಮನೆಯಲ್ಲಿ ಚೊಂಬಿಗೆ ತುಟಿ ತಾಗಿದರೆ ಎಂಜಲು. ಅದನ್ನು ತೊಳೆಯದೆ ಒಳಗೆ ತರುವ ಹಾಗಿಲ್ಲ. ಅದೇ ಅಭ್ಯಾಸದಲ್ಲಿ ತುತ್ತೂರಿಯನ್ನು ಬೆರಳಷ್ಟು ದೂರ ಹಿಡಿದು ಬಲವಾಗಿ ಊದಿದೆ. ಒಲೆ ಊದಿದ ಹಾಗೆ ಬರೀ ಗಾಳಿ. ಬ್ಯಾಂಡಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಸಾಬರು ನಗಲಿಲ್ಲ. "ಇದು ನೀರಿನ ಚೊಂಬಲ್ಲ ಕಣಪ್ಪಾ, ಕಚ್ಚಿ ಊದ್ಬೇಕು. ಆಗಲ್ಲ ಅಂದ್ರೆ ಬಿಡು, ನನಗೇನು ಬೇಜಾರಿಲ್ಲ" ಅಂದರು. ಬೇಜಾರಿತ್ತು, ಮುಖದಲ್ಲಿ ಕಾಣುತ್ತಿತ್ತು. ಕಣ್ಣು ಮುಚ್ಚಿ ತುಟಿಯಿಟ್ಟು ಊದಿದೆ. ಎಮ್ಮೆಕರು ಅರಚಿದಂಥ ಸದ್ದೊಂದು ಹೊರಟಿತು. ನನಗೋ, ಹೇಳತೀರದ ಸಂತೋಷ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಜ್ಜಿ. ಇಷ್ಟು ದೊಡ್ಡ ಕತ್ತೆಯನ್ನೂ ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈತುತ್ತು ಹಾಕುತ್ತಿದ್ದಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತಿತ್ತು. "ಛೀ, ಎಂಗಿಲಿ! ಯಾರ್ಯಾರ್ದೋ ಎಂಜಲು ಕಚ್ಚೋ ಬಾಯಿಗೆ ನಾನು ತುತ್ತು ಹಾಕಲ್ಲ. ಅದು ಬೇಕೋ ಇದು ಬೇಕೋ, ನೀನೇ ನೋಡ್ಕೋ."

ನನಗೆ ಎರಡೂ ಬೇಕಿತ್ತು. ಮಾರನೆಯ ದಿನದಿಂದ ನನ್ನ ತಟ್ಟೆ, ಲೋಟ ಬಾಗಿಲ ಪಕ್ಕಕ್ಕೆ ಬಂದವು. ಅಜ್ಜಿ ಮೇಲಿನಿಂದಲೇ ಮುದ್ದೆ ಹಾಕಿ ಹೋಗುತ್ತಿದ್ದಳು. ಅದೇ ಮುದ್ದೆ, ಅದೇ ಸಾರು, ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಆದರೂ ಸಾಬರ ಹತ್ತಿರ ಹೋಗುವುದನ್ನು ಬಿಡಲಿಲ್ಲ.

ಮರಿ ತುತ್ತೂರಿ ಮಹಾ ಹಟಮಾರಿ. ಮೇಲಿನ ಸ್ವರ ಬೇಕಾದರೆ ತುಟಿ ಬಿಗಿಯಾಗಿರಬೇಕು, ಒತ್ತಬಾರದು. "ಒತ್ತಬೇಡಪ್ಪಾ, ತುಟಿ ಸತ್ತೋಗ್ತದೆ" ಎಂದು ಸಾಬರು ಬೈದರೂ ನಾನು ಒತ್ತುತ್ತಿದ್ದೆ. ಚಳಿಗಾಲದಲ್ಲಿ ಕೆಳತುಟಿ ಒಡೆದು ರಕ್ತ ಬಂತು. ಅಂದು ಊಟಕ್ಕೆ ಕೂತಾಗ ಸಾರಿನ ಖಾರ ತಾಗಿದ್ದೇ ತಡ, ಜೀವ ಹೋದಂತಾಯಿತು. ತುತ್ತು ತಟ್ಟೆಗೇ ಹಾಕಿ ತುಟಿಗೆ ಕೈ ಅಡ್ಡ ಹಿಡಿದೆ.

"ಏನೋ ಅದು ಬಾಯಲ್ಲಿ?" ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು ಗದ್ದ ಹಿಡಿದು ನೋಡಿದಳು. "ಅಯ್ಯೋ ನನ್ನಪ್ಪನೇ!" ತುಪ್ಪದ ಗಿಂಡಿ ತಂದು, ಬೆರಳಲ್ಲಿ ಅದ್ದಿ ತುಟಿಗೆಲ್ಲ ಸವರಿದಳು. "ಆ ಬ್ಯಾಂಡಿನವರಿಗೆ ಬುದ್ಧಿ ಬೇಡ್ವಾ? ವಾಸಿಯಾಗೋ ತನಕ ಊದ್ಬೇಡ ಕಣೋ. ಆಮೇಲೆ ಊದ್ಕೋ."

ಹಾಗಂದವಳೇ ಪಕ್ಕದಲ್ಲಿ ಕೂತು ಮುದ್ದೆ ಮುರಿದಳು. ಸಾರು ಮುಟ್ಟಿಸದೆ, ತುಪ್ಪದಲ್ಲೇ ಅದ್ದಿ ತುತ್ತು ಹಾಕಿದಳು. ಅದೇ ಕೈ. ತೊಳೆಯಲಿಲ್ಲ. ಮರೆತಳೋ, ಬೇಡ ಅಂದುಕೊಂಡಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಳು ಬಂತು. "ಉರೀತಾ?" ಅಂದಳು. ಹೂಂ ಅಂದೆ.

ನಾನೇನೂ ವಾದ್ಯಗಾರನಾಗಲಿಲ್ಲ. ಒಂದೆರಡು ಮೆರವಣಿಗೆಯಲ್ಲಿ ಊದಿದೆ. ಗೌರಿಬಿದನೂರಿಗೆ ವರ್ಗವಾದ ಮೇಲೆ ಅದೂ ನಿಂತಿತು. ತುತ್ತೂರಿಯನ್ನು ಕಚ್ಚಿದ ಬಾಯಿ ನೀರನ್ನು ಮಾತ್ರ ಮೊನ್ನೆಯವರೆಗೂ ಎತ್ತಿಯೇ ಕುಡಿಯುತ್ತಿತ್ತು, ನೋಡಿ.

ಬಸ್ಸಿನಲ್ಲಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಲು ಹೋಗಲಿಲ್ಲ. ಬಾಟಲಿಗೆ ಬಾಯಿಟ್ಟು ಕುಡಿದೆ. ಒರೆಸಿ ಕೊಡೋಣವೆಂದು ಪಂಚೆಯ ಅಂಚು ಹಿಡಿದು, "ಪರವಾಗಿಲ್ವಾಮ್ಮಾ?" ಅನ್ನುವಷ್ಟರಲ್ಲಿ ಅವಳು ಅದನ್ನು ಕಿತ್ತುಕೊಂಡು, ಹಾಗೇ ಬಾಯಿಗಿಟ್ಟು ಗಟಗಟ ಕುಡಿದಳು.